ಕ್ಲೌನ್‌ಫಿಶ್‌ಗೆ ಆಸರೆ: ಅನಿಮೋನೋ, ಹವಳವೋ?

ರೀಫ್ ಅಕ್ವೇರಿಯಂ (ಹವಳಗಳನ್ನೂ ಸಾಕುವ ಉಪ್ಪುನೀರಿನ ತೊಟ್ಟಿ) ಕಟ್ಟಿದ ಅನೇಕರು ಮೊದಲು ತಂದು ಬಿಡುವ ಮೀನು ಕ್ಲೌನ್‌ಫಿಶ್. ಅದು ಅನಿಮೋನ್ ಎಂಬ ಕುಟುಕುವ ಕಡಲಜೀವಿಯ ಕರಬಳ್ಳಿಗಳ ನಡುವೆ ಹೊರಳಾಡುವುದನ್ನು ನೋಡಲು ಅಂದಿನಿಂದಲೇ ಅವರು ಕಾಯತೊಡಗುತ್ತಾರೆ. ಆದರೆ ಆಸರೆಯನ್ನು ಆರಿಸುವುದು ಮೀನೇ ಹೊರತು ಸಾಕುವವರಲ್ಲ. ಮೀನು ಯಾವ ಜೀವಿಯ ಬೆನ್ನು ಹತ್ತಿದರೂ ಆ ಜೀವಿ ಅದನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿರಬೇಕು. ಸಾಕುವವರ ಕೆಲಸವೆಲ್ಲ ಇರುವುದು ಅಲ್ಲಿ.

ಮೊದಲು ನಿಮ್ಮ ಮೀನಿನ ಜಾತಿಯನ್ನು ಖಚಿತಪಡಿಸಿಕೊಳ್ಳಿ. ಕ್ಲೌನ್‌ಫಿಶ್‌ನಲ್ಲಿ ಸುಮಾರು 30 ಜಾತಿಗಳಿದ್ದು, ಕಡಲಿನಲ್ಲಿ ಅವು ಸುಮಾರು 10 ಜಾತಿಯ ಅನಿಮೋನ್‌ಗಳಲ್ಲಿ ಮಾತ್ರ ವಾಸಿಸುತ್ತವೆ. ಕ್ಲಾರ್ಕೀ ಎಂಬ ಕ್ಲೌನ್‌ಫಿಶ್ ಜಾತಿ ಈ ಎಲ್ಲದರಲ್ಲೂ ಹೊಂದಿಕೊಳ್ಳುತ್ತದೆ. ಮರೂನ್ ಕ್ಲೌನ್‌ಗೆ ಬಬಲ್ ಟಿಪ್ ಅನಿಮೋನ್ ಒಂದೇ ಆಸರೆ. ಅಕ್ವೇರಿಯಂಗಳಲ್ಲಿ ಹೆಚ್ಚಾಗಿ ಕಾಣುವ ಆಸೆಲಾರಿಸ್ ಕಡಲಿನಲ್ಲಿ ಮ್ಯಾಗ್ನಿಫಿಕಾ ಅನಿಮೋನ್ ಮತ್ತು ದೊಡ್ಡ ಕಾರ್ಪೆಟ್ ಅನಿಮೋನ್‌ಗಳಲ್ಲಿ ಇರುತ್ತದೆ. ಇವೆರಡನ್ನೂ ಸಾಕುವುದು ಕಷ್ಟ. ಕಾರ್ಪೆಟ್ ಅನಿಮೋನ್ ಬೇರೆ ಮೀನುಗಳನ್ನು ಹಿಡಿದು ನುಂಗುವುದೂ ಉಂಟು. ಅದೃಷ್ಟವಶಾತ್, ಕಡಲಿನಲ್ಲಿ ತನ್ನದಲ್ಲದ ಬಬಲ್ ಟಿಪ್ ಅನ್ನು ಆಸೆಲಾರಿಸ್ ಅಕ್ವೇರಿಯಂನಲ್ಲಿ ಅನೇಕ ಸಲ ಒಪ್ಪಿಕೊಳ್ಳುತ್ತದೆ. ಆದ್ದರಿಂದ ಹೊಸಬರು ಬೇರೆ ಅನಿಮೋನ್‌ಗಳ ಗೊಡವೆಗೆ ಹೋಗದಿರುವುದೇ ಲೇಸು.

ಎರಡನೆಯದು ತೊಟ್ಟಿಯ ವಯಸ್ಸು. ಅನಿಮೋನ್ ತರುವ ಮುನ್ನ ತೊಟ್ಟಿ ಕನಿಷ್ಠ 6 ತಿಂಗಳು, ಸಾಧ್ಯವಾದರೆ ಒಂದು ವರ್ಷ ಸ್ಥಿರವಾಗಿ ನಡೆದಿರಬೇಕು. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಾಗೂ ಉಪ್ಪಿನಂಶ ಸಾವಿರಕ್ಕೆ 35 ಭಾಗ ಇರಲಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಾಗಿರಲಿ. ಅಂಕಿಗಳು ಸರಿ ಇರುವುದಕ್ಕಿಂತ ಅವು ಏರುಪೇರಾಗದಿರುವುದು ಹೆಚ್ಚು ಮುಖ್ಯ. ಅನಿಮೋನ್‌ನ ಅಂಗಾಂಶದಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಅದಕ್ಕೆ ಆಹಾರ ಒದಗಿಸುವುದರಿಂದ ಒಳ್ಳೆಯ ರೀಫ್ ದೀಪವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೊಳ್ಳುವಾಗ ಅನಿಮೋನ್‌ನ ಪಾದವನ್ನೂ ಬಾಯಿಯನ್ನೂ ಗಮನಿಸಿ. ಪಾದ ಹರಿದಿರಬಾರದು, ಬಾಯಿ ಸಡಿಲಾಗಿ ತೆರೆದುಕೊಂಡಿರಬಾರದು. ಅಪ್ಪಟ ಬಿಳಿ ಅನಿಮೋನ್ ಕಣ್ಣಿಗೆ ಚೆಂದ ಕಂಡರೂ ಅದು ಪಾಚಿಯನ್ನು ಕಳೆದುಕೊಂಡು ಹಸಿದಿರುವ ಜೀವಿ. ಕಣ್ಣು ಕುಕ್ಕುವ ಹಳದಿ ಅಥವಾ ಗುಲಾಬಿ ಬಣ್ಣದ್ದಾದರೆ, ಬಣ್ಣ ಹಚ್ಚಿದ್ದಿರಬಹುದೇ ಎಂದು ಅನುಮಾನಿಸಿ.

ಇನ್ನು ತೊಟ್ಟಿಗೆ ಇಳಿಸುವ ಹಂತ. ಅದಕ್ಕೂ ಮೊದಲು ಪವರ್‌ಹೆಡ್‌ಗಳ (ತೊಟ್ಟಿಯೊಳಗೆ ನೀರು ಹರಿಸುವ ಪಂಪುಗಳ) ಬಾಯಿಗೆ ಜಾಲರಿ ಅಥವಾ ಸ್ಪಂಜು ಕಟ್ಟಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು: ಅನಿಮೋನ್ ಇಟ್ಟಲ್ಲಿ ಇರುವ ಗಿಡವಲ್ಲ, ಜಾಗ ಹಿಡಿಸದಿದ್ದರೆ ರಾತ್ರೋರಾತ್ರಿ ಹೊರಡುತ್ತದೆ, ಪಂಪಿಗೆ ಸಿಕ್ಕಿ ಚೂರಾದರೆ ಕೊಳೆತು ಇಡೀ ತೊಟ್ಟಿಯ ನೀರನ್ನು ಕೆಡಿಸುತ್ತದೆ. ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಕಲ್ಲಿನ ಸಂದಿನ ಬಳಿ ಪಾದ ಕೆಳಮುಖವಾಗಿರುವಂತೆ ಅದನ್ನು ಇರಿಸಿ. ಬಬಲ್ ಟಿಪ್ ಪಾದವನ್ನು ಬಿರುಕಿನೊಳಗೆ ತೂರಿಸಿ ಕರಬಳ್ಳಿಗಳನ್ನು ಬೆಳಕಿಗೆ ಚಾಚಲು ಇಷ್ಟಪಡುತ್ತದೆ. ಅದು ಅಲೆದಾಡುವುದನ್ನು ನಿಲ್ಲಿಸುವವರೆಗೆ ಹತ್ತಿರ ಹವಳಗಳನ್ನು ಇಡಬೇಡಿ, ಏಕೆಂದರೆ ಸಾಗುವ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಅದು ಕುಟುಕುತ್ತದೆ.

ಮೀನು ಅನಿಮೋನ್‌ಗೆ ಒಗ್ಗುವ ಬಗೆಯನ್ನು ಹತ್ತಿರದಿಂದ ನೋಡುವುದೇ ಒಂದು ಸೊಗಸು. ಮೊದಲು ಬಾಲದ ತುದಿ ಅಥವಾ ಹೊಟ್ಟೆಯ ಕೆಳಗಿನ ರೆಕ್ಕೆ ಕರಬಳ್ಳಿಗೆ ತಾಗುತ್ತದೆ, ಕರಬಳ್ಳಿ ಅಂಟಿಕೊಳ್ಳುತ್ತದೆ, ಮೀನು ಜಗ್ಗಿ ಬಿಡಿಸಿಕೊಂಡು ಓಡುತ್ತದೆ; ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದು ಮತ್ತೆ ತಾಗುತ್ತದೆ. ಹೀಗೆ ತಾಗುತ್ತ ತಾಗುತ್ತ ಅಂಟುವುದು ಕಡಿಮೆಯಾಗಿ, ಕೊನೆಗೆ ಮೀನು ಇಡೀ ಮೈಯನ್ನು ಒಳಗೆ ಹುದುಗಿಸುತ್ತದೆ. ಮೀನಿನ ಮೈಮೇಲಿನ ಲೋಳೆಯೇ ಕುಟುಕು ಕೋಶಗಳಿಂದ ಅದಕ್ಕೆ ರಕ್ಷಣೆ ಕೊಡುತ್ತದೆ. ಅನಿಮೋನ್‌ನಿಂದ ಬಹಳ ಕಾಲ ದೂರವಿದ್ದ ಮೀನು ಈ ಅಭ್ಯಾಸವನ್ನು ಮತ್ತೆ ಆರಂಭದಿಂದ ಮಾಡಬೇಕಾಗುತ್ತದೆ.

ತೊಟ್ಟಿಯಲ್ಲೇ ಹುಟ್ಟಿ ಬೆಳೆದ, ಅನಿಮೋನ್ ಅನ್ನು ಎಂದೂ ಕಾಣದ ಮೀನು ಇದನ್ನೆಲ್ಲ ಕೆಲವೇ ಗಂಟೆಗಳಲ್ಲಿ ಮುಗಿಸಬಹುದು, ತಿಂಗಳುಗಟ್ಟಲೆ ತಿರುಗಿಯೂ ನೋಡದಿರಬಹುದು. ಗಾಜಿನ ಹೊರಗೆ ಅನಿಮೋನ್‌ನ ಚಿತ್ರ ಅಂಟಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮೀನು ಮಲಗುವ ಮೂಲೆಯ ಸಮೀಪದಲ್ಲೇ ಅನಿಮೋನ್ ನೆಲೆಗೊಳ್ಳುವಂತೆ ಜಾಗ ಒದಗಿಸುವುದು ಮತ್ತು ಆಹಾರವನ್ನು ಅದರ ಹತ್ತಿರವೇ ಹಾಕುವುದು ಹೆಚ್ಚು ಸಮಂಜಸ. ಮೀನನ್ನು ಬಲೆಯಲ್ಲಿ ಹಿಡಿದು ಅನಿಮೋನ್ ಮೇಲೆ ಬಿಡುವುದರಿಂದ ಎರಡಕ್ಕೂ ತೊಂದರೆಯೇ. ಆಸರೆಯಿಲ್ಲದೆಯೂ ಅಕ್ವೇರಿಯಂನಲ್ಲಿ ಕ್ಲೌನ್‌ಫಿಶ್ ಆರೋಗ್ಯವಾಗಿ ಬಾಳುತ್ತದೆ, ಮೊಟ್ಟೆಯನ್ನೂ ಇಡುತ್ತದೆ.

ಅನಿಮೋನ್ ಇಲ್ಲದ ತೊಟ್ಟಿಯಲ್ಲಿ, ಕೆಲವೊಮ್ಮೆ ಅದು ಇದ್ದರೂ, ಮೀನು ಹವಳವನ್ನು ಆರಿಸಿಕೊಳ್ಳುತ್ತದೆ. ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್, ಡಂಕನ್, ಗೋನಿಯೊಪೊರಾ ಮತ್ತು ಟೋಡ್‌ಸ್ಟೂಲ್ ಲೆದರ್ ಎಂಬ ಹವಳಗಳು ಸಾಮಾನ್ಯವಾಗಿ ಹೀಗೆ ಮೀನಿನ ಪಾಲಾಗುತ್ತವೆ. ಮೀನಿನ ನಿರಂತರ ಉಜ್ಜಾಟವನ್ನು ಸಹಿಸುವಂತೆ ಈ ಹವಳಗಳು ರೂಪುಗೊಂಡಿಲ್ಲ. ಇವುಗಳಲ್ಲಿ ಟೋಡ್‌ಸ್ಟೂಲ್ ಲೆದರ್ ಹೆಚ್ಚು ತಾಳಿಕೊಳ್ಳುತ್ತದೆ. ಗೋನಿಯೊಪೊರಾ ಮತ್ತು ಚಿಕ್ಕ ಟಾರ್ಚ್ ತುಣುಕುಗಳು ಬೇಗ ಸೊರಗುತ್ತವೆ. ಆದ್ದರಿಂದ ಹವಳವೇ ಆಸರೆಯಾಗುವ ಸಾಧ್ಯತೆಯಿದ್ದರೆ ಹಲವು ತಲೆಗಳಿರುವ, ಚೆನ್ನಾಗಿ ಬೇರೂರಿದ ದೊಡ್ಡ ಗುಂಪನ್ನೇ ಇಡಿ. ಹಗಲಿನಲ್ಲಿ ಹವಳ ಅರಳದೆ ಮುದುಡಿಕೊಂಡೇ ಇದ್ದರೆ, ಅಥವಾ ಮಾಂಸಭಾಗ ಹಿಂಜರಿದು ಅಂಚಿನಲ್ಲಿ ಬಿಳಿ ಅಸ್ಥಿಯ ಗೆರೆ ಕಂಡರೆ, ಮೀನು ತಲುಪದಂತೆ ಹವಳವನ್ನು ಜಾಲರಿಯ ಪೆಟ್ಟಿಗೆಯಿಂದ ಕೆಲವು ವಾರ ಮುಚ್ಚಿಡಿ ಅಥವಾ ಬೇರೆ ತೊಟ್ಟಿಗೆ ಸಾಗಿಸಿ. ಮರೂನ್‌ನಂತಹ ದೊಡ್ಡ, ಒರಟು ಮೀನಿದ್ದರೆ ಅಷ್ಟು ಕಾಯುವುದೂ ಬೇಡ.

ಆಸರೆ ಸಿಕ್ಕ ಮೇಲೆ ಮೀನಿನ ಸ್ವಭಾವ ಬದಲಾಗುತ್ತದೆ. ಜೋಡಿಯಲ್ಲಿ ದೊಡ್ಡದಾಗಿರುವ ಹೆಣ್ಣು ಆ ಜಾಗವನ್ನು ಕಾಯತೊಡಗಿ, ಹತ್ತಿರ ಸುಳಿದ ಮೀನುಗಳನ್ನು ಅಟ್ಟುತ್ತದೆ, ಗಾಜು ಒರೆಸಲು ಬಂದ ಕೈಯನ್ನೂ ಕಚ್ಚುತ್ತದೆ. ಅದೇ ತೊಟ್ಟಿಗೆ ಇನ್ನೊಂದು ಕ್ಲೌನ್‌ಫಿಶ್ ಜೋಡಿಯನ್ನು ತರಬೇಡಿ. ಸ್ವಚ್ಛಗೊಳಿಸುವಾಗ ಉದ್ದ ಕೈಗವಸು ಧರಿಸಿ. ಮೀನಿನ ಕಚ್ಚುವಿಕೆಯಿಂದ ಮಾತ್ರವಲ್ಲ, ಕರಬಳ್ಳಿಗಳ ಕುಟುಕಿನಿಂದಲೂ ಅದು ಕೈಯನ್ನು ಕಾಪಾಡುತ್ತದೆ.