ಹಳೇ ಕಾರಿನ ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ನಾನೇ ಬದಲಾಯಿಸಿದ್ದು

ಮೊದಲು ಶುರುವಾಗಿದ್ದು ಕಿರ್ರ್ ಅನ್ನುವ ಸದ್ದು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ನಿಲ್ಲಿಸುವ ಪ್ಯಾಡ್ ಸವೆದು ಮುಗಿಯುತ್ತಾ ಬಂದಾಗ ಅದರಲ್ಲಿರುವ ಚಿಕ್ಕ ತಗಡಿನ ನಾಲಿಗೆ ಡಿಸ್ಕ್‌ಗೆ ತಾಗಿ ಹಾಗೆ ಕೂಗುತ್ತದೆ. ಆಮೇಲೆ ಜೋರಾಗಿ ಹೋಗುವಾಗ ಬ್ರೇಕ್ ಒತ್ತಿದರೆ ಪೆಡಲ್ ಕಾಲಡಿಯಲ್ಲಿ ಅದುರತೊಡಗಿತು. ಕಾರು ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದರೆ ಎಡಗಡೆ ಬೆಚ್ಚಗೆ, ಬಲಗಡೆ ಸುಡುವಷ್ಟು ಬಿಸಿ. ಈ ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟೆ. ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಬೇಕು. ಜ್ಯಾಕ್ ಎತ್ತುವುದಕ್ಕೆ ಮಾತ್ರ. ಕೆಲಸ ಮಾಡುವಾಗ ಕಾರು ಸ್ಟ್ಯಾಂಡ್ ಮೇಲೆ ಕೂತಿರಲೇಬೇಕು, ಇದರಲ್ಲಿ ರಾಜಿ ಬೇಡ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿದೆ. ಯಾವ ಕ್ಲಿಪ್ ಎಲ್ಲಿತ್ತು ಅಂತ ಮರೆತರೆ ಇನ್ನೊಂದು ಕಡೆ ನೋಡಿಕೊಳ್ಳಬಹುದು, ಅಲ್ವಾ?

ಬಲಗಡೆ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಹಿಡಿಕೆ, ಬಿಚ್ಚಿದಾಗ ವಿಷಯ ಗೊತ್ತಾಯಿತು. ಹೊರಗಿನ ಪ್ಯಾಡ್ 5 ಮಿ.ಮೀ. ಉಳಿದಿತ್ತು, ಒಳಗಿನದು 2 ಕೂಡ ಇರಲಿಲ್ಲ. ಇಂಥ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರುತ್ತದೆ. ಪ್ಯಾಡನ್ನು ತಳ್ಳುವ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಪಿನ್ ಬಿಗಿದು ಸಿಕ್ಕಿಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ, ಒಳಗಿನ ಪ್ಯಾಡೇ ಎಲ್ಲ ಭಾರ ಹೊತ್ತು ಸವೆಯುತ್ತದೆ. ಮೇಲಿನ ಪಿನ್ ಸಲೀಸಾಗಿ ಬಂತು. ಕೆಳಗಿನದು ಅಲ್ಲಾಡಲೇ ಇಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಪಾನಾ ಹಾಕಿ ಅತ್ತಿತ್ತ ತಿರುಗಿಸುತ್ತಾ ತಿರುಗಿಸುತ್ತಾ ಕೊನೆಗೆ ಹೊರಗೆಳೆದೆ. ಪಿನ್ ಮುಚ್ಚುವ ರಬ್ಬರ್ ಬೂಟ್ ಹರಿದು ನೀರು ಇಳಿದಿತ್ತು, ಪಿನ್ ತುಂಬಾ ಕಂದು ತುಕ್ಕು. ಸುಮ್ನೆ ಹೊಸ ಪ್ಯಾಡ್ ಹಾಕಿ ಮುಚ್ಚಿದ್ದರೆ ಅದೂ ಹೀಗೇ ಸವೆಯುತ್ತಿತ್ತು. ಪಿನ್, ಬೂಟ್ ಎರಡನ್ನೂ ಹೊಸದು ಹಾಕಿ, ತೂತನ್ನು ಚೆನ್ನಾಗಿ ಒರೆಸಿ, ಬ್ರೇಕ್‌ಗೆಂದೇ ಇರುವ ಸಿಲಿಕೋನ್ ಗ್ರೀಸ್ ಸವರಿದೆ. ಮಾಮೂಲಿ ಗ್ರೀಸ್ ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ.

ಬಿಚ್ಚಿದ ಕ್ಯಾಲಿಪರನ್ನು ಹೋಸ್ ಮೇಲೆ ನೇತಾಡಲು ಬಿಡಲಿಲ್ಲ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ.

ಡಿಸ್ಕ್ ಮೇಲೆ ಕನಿಷ್ಠ ದಪ್ಪ 20 ಮಿ.ಮೀ. ಅಂತ ಕೊರೆದಿತ್ತು. ಅಳೆದರೆ 19.6. ಅದರ ಕಥೆ ಮುಗಿದಿತ್ತು. ಆದರೆ ಚಕ್ರ, ಡಿಸ್ಕ್ ಎರಡೂ ಕೂರುವ ಹಬ್‌ಗೆ ಕಚ್ಚಿಕೊಂಡು ಕೂತಿತ್ತು. ಸುತ್ತಿಗೆ ಎತ್ತುವ ಮೊದಲು ಗಮನಿಸಿ: ಬಹಳ ಡಿಸ್ಕ್‌ಗಳಲ್ಲಿ ಒಳಗೆ ಬೋಲ್ಟ್ ತಿರುಗಿಸುವ ಮರೆ (ಥ್ರೆಡ್) ಇರುವ ಎರಡು ತೂತು ಇರುತ್ತವೆ. ಅವಕ್ಕೆ ಸರಿಹೊಂದುವ ಬೋಲ್ಟ್ ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಬಿಗಿಯುತ್ತಾ ಹೋದೆ. ಟಕ್ ಅಂತ ಬಿಟ್ಟುಕೊಂಡಿತು.

ಇನ್ನು ಹಬ್‌ನ ಮುಖ. ನಾನು ಜಾಸ್ತಿ ಹೊತ್ತು ಕಳೆದಿದ್ದು ಇಲ್ಲೇ. ತುಕ್ಕಿನ ಒಂದು ಸಣ್ಣ ಹಕ್ಕಳೆ ಒಳಗೆ ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ, ಅಂಚಿನಲ್ಲಿ ಆ ಓರೆ ಇನ್ನೂ ದೊಡ್ಡದಾಗುತ್ತದೆ. ಓಡಿದಂತೆಲ್ಲ ಡಿಸ್ಕ್ ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಸವೆದು, ಪೆಡಲ್ ಮತ್ತೆ ಅದುರತೊಡಗುತ್ತದೆ. ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಹೊಳೆಯುವ ತನಕ ಉಜ್ಜಿದೆ. ಬೆರಳಾಡಿಸಿದರೆ ಎಲ್ಲೂ ಗರಗರ ಅನ್ನಬಾರದು. ಹೊಸ ಡಿಸ್ಕ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿ ತೆಗೆದೆ.

ಪಿಸ್ಟನ್ ಮೇಲೆ ಹಳೇ ಪ್ಯಾಡ್ ಇಟ್ಟು, ಸಿ-ಕ್ಲಾಂಪ್‌ನಿಂದ ನಿಧಾನಕ್ಕೆ ಒಳಗೆ ತಳ್ಳಿದೆ. ಆಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಉಕ್ಕಿ ಚೆಲ್ಲಿದರೆ ಪೇಂಟ್ ಕಿತ್ತು ಬರುತ್ತದೆ, ಅದರ ಮೇಲೆ ಒಂದು ಕಣ್ಣಿರಲಿ. ಜೋಡಿಸುವುದು ಬೇಗ ಮುಗಿಯಿತು. ಎಡಗಡೆ ಪಿನ್‌ಗಳು ಚೆನ್ನಾಗಿದ್ದವು, ಒರೆಸಿ ಗ್ರೀಸ್ ಹಚ್ಚಿದ್ದಷ್ಟೇ. ಡಿಸ್ಕ್, ಪ್ಯಾಡ್ ಮಾತ್ರ ಎರಡೂ ಕಡೆ ಹೊಸದೇ ಹಾಕಬೇಕು.

ಕಾರು ಇಳಿಸಿ, ನಟ್‌ಗಳನ್ನು ಎದುರುಬದುರಾಗಿ ಬಿಗಿದೆ. ಹೊರಡುವ ಮೊದಲು ಪೆಡಲ್ ಒತ್ತಿ ನೋಡಿ. ಮೊದಲ ಸಲ ಅದು ನೆಲ ಮುಟ್ಟುತ್ತದೆ, ಬ್ರೇಕೇ ಇರುವುದಿಲ್ಲ. ಗಟ್ಟಿಯಾಗುವ ತನಕ ಒತ್ತುತ್ತಲೇ ಇರಬೇಕು. ಆಮೇಲೆ ಹೊಸ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 15ಕ್ಕೆ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿದೆ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು.

ಪೆಡಲ್ ಅದುರಲಿಲ್ಲ. ಮನೆಗೆ ಬಂದು ಮತ್ತೆ ಚಕ್ರದ ಹತ್ತಿರ ಕೈ ಹಿಡಿದೆ. ಎಡಗಡೆ ಎಷ್ಟು ಬಿಸಿಯೋ ಬಲಗಡೆಯೂ ಅಷ್ಟೇ.