ಹಳೇ ಲಾರಿಯ ಕ್ಲಚ್: ದುಡ್ಡು ಎಲ್ಲೆಲ್ಲಿ ಹೋಗುತ್ತದೆ

ಗೇರ್ ಬಾಕ್ಸ್ ಇಳಿಸುವ ಮುನ್ನ ಒಂದು ಪರೀಕ್ಷೆ: ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ನಾಲ್ಕನೇ ಗೇರ್. ಕ್ಲಚ್ ನಿಧಾನ ಬಿಡಿ. ಇಂಜಿನ್ ಬಂದ್ ಆದರೆ ಕ್ಲಚ್ ಪ್ಲೇಟ್ ಹಿಡಿಯುತ್ತಿದೆ. ಗೇರ್ ಕರಕರ ಎನ್ನುವುದಷ್ಟೇ ತೊಂದರೆಯಾದರೆ ಮೊದಲು ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸೋರಿಕೆ ನೋಡಿ. ಅದು ತೀರಾ ಅಗ್ಗದ ಕೆಲಸ.

ಬದಲಿಸಲೇಬೇಕೆಂದರೆ ಪ್ಲೇಟ್, ಅದನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿ. ಕೂಲಿಯ ಹೆಚ್ಚಿನ ಪಾಲು ಗೇರ್ ಬಾಕ್ಸ್ ಇಳಿಸಿ ಏರಿಸುವುದಕ್ಕೇ ಹೋಗುತ್ತದೆ. ಬೇರಿಂಗ್ ಉಳಿಸಿದವರು ಅದೇ ಕೂಲಿ ಮತ್ತೆ ಕೊಡುತ್ತಾರೆ. ಗೇರ್ ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್, ಇಂಜಿನ್ನಿನ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲನ್ನೂ ಪಟ್ಟಿಗೆ ಸೇರಿಸಿ. ಸೀಲ್ ಜಿನುಗಿದರೆ ಹೊಸ ಪ್ಲೇಟ್ ಎಣ್ಣೆ ಕುಡಿದು ಜಾರುತ್ತದೆ.

ಎಲ್ಲರೂ ಮರೆಯುವುದು ಫ್ಲೈವೀಲ್, ಅಂದರೆ ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ನಿನ ಭಾರದ ಚಕ್ರ. ನೀಲಿ ಕಲೆ, ಉಗುರಿಗೆ ಸಿಗುವ ಗೆರೆ ಇದ್ದರೆ ಲೇತ್‌ಗೆ ಕೊಡಿ, ಆ ಖರ್ಚು ಬೇರೆ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%. ಹಳೇ 28% ಹಾಕಿದ ಕೊಟೇಶನ್ ಒಪ್ಪಬೇಡಿ.

ಅಂಗಡಿಗೆ ಹಳೇ ಪ್ಲೇಟ್ ಹಿಡಿದೇ ಹೋಗಿ; ವ್ಯಾಸ ಅಳೆದು, ಸ್ಪ್ಲೈನ್ (ಗೇರ್ ಬಾಕ್ಸ್ ಶಾಫ್ಟ್ ಕೂರುವ ನಡುತೂತಿನ) ಹಲ್ಲು ಎಣಿಸಿ ತಾಳೆ ನೋಡಿ. ಸೆಕೆಂಡ್‌ಹ್ಯಾಂಡ್ ಗಾಡಿಯಲ್ಲಿ ಗೇರ್ ಬಾಕ್ಸೇ ಬದಲಾಗಿರಬಹುದು, ಆರ್‌ಸಿ ನಂಬಬೇಡಿ. ಸ್ಪ್ಲೈನ್‌ಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಏರಿಸುವಾಗ ಗೇರ್ ಬಾಕ್ಸ್ ಭಾರ ಪ್ಲೇಟಿನ ಮೇಲೆ ತೂಗಿದರೆ ಅದರ ನಡುಭಾಗವಾದ ಹಬ್ ಬಾಗಿ, ಹೊಸ ಕ್ಲಚ್ಚೇ ನಡುಗುತ್ತದೆ.