ಬೋರ್ಡಿನ ಮೇಲೆ ಹೆಸರು ಬರೆಯೋ ಲೀಡರ್ ಮತ್ತು ಸಂವಿಧಾನ: ಪಾಠ ಮಾಡಿದ ನನ್ನ ಅನುಭವ

ಮಕ್ಕಳಿಗೆ ಸಂವಿಧಾನದ ಪಾಠ ಅಂದರೆ ತಾರೀಕುಗಳ ಪಟ್ಟಿ. ರಚನಾ ಸಭೆ ಮೊದಲು ಸೇರಿದ್ದು 1946 ಡಿಸೆಂಬರ್ 9, ಅಂಗೀಕಾರ ಆಗಿದ್ದು 1949 ನವೆಂಬರ್ 26, ಜಾರಿಗೆ ಬಂದಿದ್ದು 1950 ಜನವರಿ 26, ಕರಡು ಸಮಿತಿ ಅಧ್ಯಕ್ಷರು ಅಂಬೇಡ್ಕರ್. ಇಷ್ಟು ಬಾಯಿಪಾಠ ಆದರೆ ಒಂದಂಕದ ಪ್ರಶ್ನೆಗಳು ಪಾಸ್. ಈಗ ಬೆಳಗಿನ ಪ್ರಾರ್ಥನೆಯಲ್ಲಿ ಪೀಠಿಕೆಯನ್ನೂ ಓದಿಸುತ್ತೇವೆ. ಆದರೆ ಸಂವಿಧಾನ ಯಾಕೆ ಬೇಕು ಅಂತ ಕೇಳಿ ನೋಡಿ. "ದೇಶದಲ್ಲಿ ಶಿಸ್ತು ಇರಲಿ ಅಂತ ಮಿಸ್" ಅನ್ನುತ್ತಾರೆ. ಶಿಸ್ತು ರಾಜರ ಕಾಲದಲ್ಲೂ ಇತ್ತಲ್ವಾ? ಸಂವಿಧಾನ ಇರುವುದು ಮುಖ್ಯವಾಗಿ ಅಧಿಕಾರ ಇರುವವರಿಗೆ ಮಿತಿ ಹಾಕುವುದಕ್ಕೆ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು ಈ ಒಂದು ವಿಷಯವನ್ನು ಒಂಬತ್ತನೇ ಕ್ಲಾಸಿನವರಿಗೆ ಹೇಗೆ ಮುಟ್ಟಿಸಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ, ಬೇರೆ ಮೇಷ್ಟ್ರುಗಳಿಗೆ ಉಪಯೋಗ ಆಗಬಹುದು.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮಕ್ಕಳಿಗೇ ಹೇಳುತ್ತೇನೆ, ನಿಮ್ಮ ಕ್ಲಾಸಿಗೆ ನೀವೇ ನಿಯಮ ಬರೆಯಿರಿ ಅಂತ. ಏನು ಬರೆಯುತ್ತಾರೆ ಗೊತ್ತಾ? ಮಾತಾಡಬಾರದು, ಲೇಟಾಗಿ ಬರಬಾರದು, ಹೋಂವರ್ಕ್ ಮಾಡದಿದ್ದರೆ ಹೊರಗೆ ನಿಲ್ಲಿಸಬೇಕು. ಎಲ್ಲಾ ನಿಯಮವೂ ಅವರಿಗೆ ಅವರೇ ಹಾಕಿಕೊಂಡ ಬೇಡಿ. ಲೀಡರ್ ಬಗ್ಗೆ ಒಂದು ಸಾಲಿಲ್ಲ, ನನ್ನ ಬಗ್ಗೆ ಅಂತೂ ಇಲ್ಲವೇ ಇಲ್ಲ.

ಆಗ ಕೇಳುತ್ತೇನೆ: ಟೀಚರ್ ಇಲ್ಲದಾಗ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯೋದು ಯಾರು? ಲೀಡರ್. ಹೆಸರಿನ ಮುಂದೆ ಪ್ಲಸ್ ಹಾಕೋದು? ಲೀಡರ್. ಅಳಿಸೋದು? ಅವನೇ. ಮಾತಾಡದವರ ಹೆಸರು ಬರೆದರೆ? ಅಲ್ಲಿಗೆ ಇಡೀ ಕ್ಲಾಸು ಎದ್ದು ನಿಲ್ಲುತ್ತದೆ. ಫ್ರೆಂಡ್ಸ್ ಹೆಸರು ಬರೆಯಲ್ಲ, ಪೆನ್ನು ಕೊಡದವರಿಗೆ ಪ್ಲಸ್ ಜಾಸ್ತಿ, ಹೀಗೆ ದೂರಿನ ಮಳೆ. ಅಧಿಕಾರಗಳನ್ನು ಬೇರೆ ಬೇರೆ ಕೈಗೆ ಕೊಡುವುದು ಯಾಕೆ ಅಂತ ಹೇಳಲು ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ. ನಿಯಮ ಮಾಡುವವರೇ ಬೇರೆ, ಹೆಸರು ಬರೆಯುವವರೇ ಬೇರೆ, ತಪ್ಪೋ ಸರಿಯೋ ಅಂತ ತೀರ್ಮಾನ ಮಾಡುವವರೇ ಬೇರೆ. ತೀರ್ಮಾನ ಮಾಡುವುದಕ್ಕೆ ನಮ್ಮಲ್ಲಿ ಚೀಟಿ ಎತ್ತಿ ಮೂವರನ್ನು ಆರಿಸುತ್ತೇವೆ, ತಿಂಗಳಿಗೊಮ್ಮೆ ಬದಲಾಗುತ್ತಾರೆ. ಹೆಸರು ಬಂದವರು ಅವರ ಮುಂದೆ ತಮ್ಮ ಮಾತು ಹೇಳಬಹುದು. ಮಾತು ಕೇಳದೆ ಶಿಕ್ಷೆ ಇಲ್ಲ.

ಇನ್ನು ಟೀಚರ್ ಸರದಿ. "ಮಿಸ್, ನಿಮಗೂ ರೂಲ್ ಹಾಕಬಹುದಾ?" ಹಾಕಿ ಅಂದೆ. ಮೊದಲನೆಯದೇ, ಟೀಚರ್ ಹೊಡೆಯಬಾರದು. ಅದು ಆಗಲೇ ಕಾನೂನಾಗಿದೆ ಕಣ್ರೋ ಅಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಹಾಗಾಗಿ "ಹೋಂವರ್ಕ್ ಮಾಡದಿದ್ದರೆ ಒಂದೇ ಒಂದು ಏಟು ಓಕೆ" ಅಂತ ನೀವೆಲ್ಲ ಒಪ್ಪಿ ಬರೆದರೂ ಅದು ನಿಲ್ಲಲ್ಲ. ಕ್ಲಾಸಿನ ನಿಯಮಕ್ಕಿಂತ ಕಾಯ್ದೆ ದೊಡ್ಡದು, ಕಾಯ್ದೆಗಿಂತ ಸಂವಿಧಾನ ದೊಡ್ಡದು, ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಅಷ್ಟರ ಮಟ್ಟಿಗೆ ಅಸಿಂಧು ಅನ್ನುತ್ತದೆ 13ನೇ ವಿಧಿ. ಎರಡನೇ ನಿಯಮ ಹುಡುಗಿಯರದ್ದು: ಟಾಯ್ಲೆಟ್‌ಗೆ ಹೋಗಬೇಕು ಅಂದರೆ ಯಾವ ಟೀಚರೂ ಬೇಡ ಅನ್ನಬಾರದು, ಕಾರಣ ಕೇಳಬಾರದು. ಅದನ್ನು ಹಕ್ಕಿನ ಪುಟದಲ್ಲಿ ಬರೆದೆವು. ಹಕ್ಕಿಗೆ ಅಂತಲೇ ಒಂದು ಪುಟ ಬೇರೆ ಇಟ್ಟಿದ್ದೇವೆ.

ಆ ಪುಟದ ನಿಜವಾದ ಪರೀಕ್ಷೆ ನಡೆದದ್ದು ಬಿಸಿಯೂಟದ ಸಾಲಿನಲ್ಲಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರಲ್ಲ, ನಮ್ಮಲ್ಲಿ ಅವರು ಕೆಲವೇ ಜನ. ಒಬ್ಬ ಠರಾವು ತಂದ: ಮೊಟ್ಟೆಯವರು ಜಾಸ್ತಿ ಇರುವುದರಿಂದ ಅವರು ಮೊದಲು, ಬಾಳೆಹಣ್ಣಿನವರು ಕೊನೆಗೆ. ಕೈ ಎತ್ತಿಸಿದೆ, ಭಾರೀ ಬಹುಮತದಲ್ಲಿ ಪಾಸಾಯಿತು. ಚರ್ಚೆ ಆಗಿತ್ತು, ಎಣಿಕೆಯೂ ಸರಿಯಾಗಿತ್ತು, ಎಲ್ಲಾ ಕ್ರಮವಾಗಿಯೇ ಇತ್ತು. ಆದರೂ ಇದು ನ್ಯಾಯವಾ? ಮೂವರ ಮುಂದೆ ಹೋಯಿತು ದೂರು. ಮೊಟ್ಟೆ ಗುಂಪಿನ ಹುಡುಗಿಯೇ ಎದ್ದು "ನಾನು ಸೋಮವಾರ ಮೊಟ್ಟೆ ತಿನ್ನಲ್ಲ, ಅವತ್ತು ನಾನೂ ಕೊನೆಗಾ?" ಅಂದಳು. ಠರಾವು ಅಲ್ಲೇ ಬಿತ್ತು. ಬಹುಮತ ಅಂದರೆ ಏನು ಬೇಕಾದರೂ ಮಾಡಬಹುದು ಅನ್ನೋದು ದೊಡ್ಡವರ ತಲೆಯಲ್ಲೇ ಗಟ್ಟಿಯಾಗಿ ಕೂತಿರುವ ವಿಚಾರ, ಟಿವಿ ಚರ್ಚೆ ನೋಡಿದರೆ ಗೊತ್ತಾಗುತ್ತದೆ, ಮಕ್ಕಳು ಅದನ್ನು ಬೇಗ ಬಿಡುತ್ತಾರೆ.

ಆದರೆ ಸೋತವನು ಜಾಣ. "ಹಾಗಾದರೆ ಹಕ್ಕಿನ ಪುಟವನ್ನೇ ತಿದ್ದಿಬಿಡೋಣ ಮಿಸ್, ಮುಕ್ಕಾಲು ಜನ ನಾವೇ ಇದ್ದೀವಿ." ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ! ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಬಂದಿತ್ತು, ಅದೂ ನಮ್ಮ ಕಾಸರಗೋಡಿನ ಕಡೆಯಿಂದ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಕೇಸು ಹಾಕಿದರು. ಸ್ವಾಮೀಜಿ ಯಕ್ಷಗಾನದ ದೊಡ್ಡ ಅಭಿಮಾನಿಯಾಗಿದ್ದರು ಅಂದರೆ ನಮ್ಮ ಹುಡುಗರು ಕಿವಿ ನಿಮಿರಿಸುತ್ತಾರೆ. 13 ಜನ ನ್ಯಾಯಮೂರ್ತಿಗಳು ಕೂತು 68 ದಿನ ವಾದ ಕೇಳಿದರು. 1973 ಏಪ್ರಿಲ್ 24ರಂದು 7–6ರ ತೀರ್ಪು ಬಂತು: 368ನೇ ವಿಧಿಯಲ್ಲಿ ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು, ಅಂದರೆ ಅದು ನಿಂತಿರುವ ಮುಖ್ಯ ತತ್ವಗಳನ್ನು, ಕೆಡವುವಂತಿಲ್ಲ. ಒಬ್ಬರು ಆ ಕಡೆ ವಾಲಿದ್ದರೆ ಕಥೆಯೇ ಬೇರೆ. ಭೂಸುಧಾರಣೆ ಕಾನೂನು ಉಳಿದುಕೊಂಡಿತು, ಸ್ವಾಮೀಜಿಗೆ ಬೇಕಾಗಿದ್ದು ಸಿಗಲಿಲ್ಲ, ಅವರ ಹೆಸರು ಮಾತ್ರ ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿದೆ.

ಇನ್ನೊಂದು ಸಲ ಕೆಲವರು ಸ್ಟಾಫ್ ರೂಮಿಗೆ ಒಂದು ಚೀಟಿ ತಂದರು. ಲೀಡರ್ ಬೇಡ ಅಂತ ಅರ್ಧ ಕ್ಲಾಸಿಗಿಂತ ಜಾಸ್ತಿ ಸಹಿ ಇತ್ತು. ಈಗಲೇ ಬದಲಾಯಿಸಿ ಅಂತ ಹಟ. ನಾನು ಚೀಟಿ ಇಸಿದುಕೊಳ್ಳಲಿಲ್ಲ, ಕ್ಲಾಸಿನಲ್ಲೇ ಎಲ್ಲರ ಮುಂದೆ ಕೈ ಎತ್ತಿ ಅಂದೆ. ಸಹಿ ಹಾಕಿದ್ದ ಎಷ್ಟೋ ಕೈಗಳು ಮೇಲೆ ಏಳಲೇ ಇಲ್ಲ! ಅವತ್ತೇ ಕರ್ನಾಟಕದ ಮುಖ್ಯಮಂತ್ರಿ ಆಗಿದ್ದ ಎಸ್. ಆರ್. ಬೊಮ್ಮಾಯಿ ಅವರ ಕೇಸು ಹೇಳಿದೆ. 1989ರ ಏಪ್ರಿಲ್‌ನಲ್ಲಿ ಬೆಂಬಲ ವಾಪಸು ಅಂತ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಕೆಲವರು ಆಮೇಲೆ ಮಾತು ಬದಲಿಸಿದರು. ವಿಧಾನಸಭೆಯಲ್ಲೇ ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿದರೂ ಅವಕಾಶ ಸಿಗದೆ ರಾಷ್ಟ್ರಪತಿ ಆಳ್ವಿಕೆ ಬಂತು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು, ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು. ಅಷ್ಟು ಹೊತ್ತಿಗೆ ಅವರ ಸರ್ಕಾರ ಹೋಗಿ ವರ್ಷಗಳೇ ಆಗಿದ್ದವು. "ಮತ್ತೆ ಅವರಿಗೆ ಏನು ಸಿಕ್ಕಿತು ಮಿಸ್?" ಅಂತ ಕೇಳಿದರು. ಅವರಿಗೆ ಏನೂ ಇಲ್ಲ, ಆಮೇಲೆ ಬಂದ ಮುಖ್ಯಮಂತ್ರಿಗಳಿಗೆ ಸಿಕ್ಕಿತು ಅಂದೆ.

ಕರ್ತವ್ಯದ ಬಗ್ಗೆ ಒಂದು ಮಾತು. ಸಹೋದ್ಯೋಗಿಯೊಬ್ಬರು "ಮೊದಲು ಕರ್ತವ್ಯ ಕಲಿಸಿ, ಆಮೇಲೆ ಹಕ್ಕು" ಅನ್ನುತ್ತಿರುತ್ತಾರೆ. ಸಂವಿಧಾನದಲ್ಲಿ ಇರುವ ಕ್ರಮ ಅದಲ್ಲ. ಮೂಲಭೂತ ಕರ್ತವ್ಯಗಳು ಸೇರಿದ್ದೇ 1976ರಲ್ಲಿ, 42ನೇ ತಿದ್ದುಪಡಿಯಿಂದ, ಅದೂ ತುರ್ತು ಪರಿಸ್ಥಿತಿಯ ಕಾಲದಲ್ಲಿ. ಹಕ್ಕಿಗೆ ಧಕ್ಕೆ ಬಂದರೆ 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು, ಕರ್ತವ್ಯಕ್ಕೆ ಅಂಥ ದಾರಿ ಇಲ್ಲ. ಕರ್ತವ್ಯ ಬೇಡ ಅಂತಲ್ಲ. ತನ್ನ ಮಾತಿಗೆ ಬೆಲೆ ಇದೆ ಅಂತ ಗೊತ್ತಾದ ಮಗು ಕಸ ಎತ್ತು ಅಂದರೆ ಎತ್ತುತ್ತದೆ, ನಾನು ಕಂಡದ್ದು ಹೀಗೆ.

ಮಾಡಿ ನೋಡುವವರಿಗೆ ಸ್ವಲ್ಪ ಎಚ್ಚರಿಕೆ. ಗಲಾಟೆ ಆಗುತ್ತದೆ, ಪಕ್ಕದ ಕ್ಲಾಸಿನವರು ಬಂದು ಬಾಗಿಲು ಬಡಿಯುತ್ತಾರೆ. ಮಾತುಗಾರ ಹುಡುಗರು ಎರಡು ಮೂರು ಜನ ಸೇರಿ ಎಲ್ಲಾ ಹೊತ್ತನ್ನೂ ನುಂಗುತ್ತಾರೆ, ಅದಕ್ಕೆ ಒಬ್ಬರಿಗೆ ಒಂದೇ ಸಲ ಮಾತು ಅಂತ ಮಾಡಿಕೊಂಡರೆ ಒಳ್ಳೆಯದು. ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಟಾಯ್ಲೆಟ್ ನಿಯಮ ಬೇರೆ ಟೀಚರ್ ಪೀರಿಯಡ್‌ನಲ್ಲಿ ನಡೆಯಲ್ಲ. ಹಳೇ ಬ್ಯಾಚಿನ ನಿಯಮದ ಪುಸ್ತಕವನ್ನು ಹೊಸಬರಿಗೆ ಮೊದಲೇ ತೋರಿಸಬೇಡಿ, ಸುಮ್ನೆ ಕಾಪಿ ಹೊಡೆಯುತ್ತಾರೆ. ಅವರದ್ದು ಬರೆದಾದ ಮೇಲೆ ಕೊಡಿ. ಹಿಂದಿನವರ ಹಕ್ಕಿನ ಪುಟದಲ್ಲಿ ಇದ್ದು ತಮ್ಮದರಲ್ಲಿ ಇಲ್ಲದ್ದನ್ನು ಹುಡುಕಿ ಅವರೇ ಜಗಳ ಶುರು ಮಾಡುತ್ತಾರೆ, ಅಲ್ಲಿಂದ ತಿದ್ದುಪಡಿಯ ಪಾಠ ಶುರು ಮಾಡಬಹುದು.